ಹಡಗಿನ ಹಲಗೆಗಳು ಚನ್ನಪಟ್ಟಣಕ್ಕೆ ಬಂದ ಮಳೆಗಾಲ

ಕಳೆದ ಚಳಿಗಾಲದಲ್ಲಿ ಅಣ್ಣನ ಮಗಳು ಸಾನಿಯಾಳ ಒತ್ತಾಯಕ್ಕೆ ಸಮುದ್ರ ನೋಡಲೆಂದು ಕರಾವಳಿಗೆ ಹೋಗಿದ್ದೆವು. ನಾವು ಇಳಿದುಕೊಂಡಿದ್ದ ಊರಿನ ದಂಡೆಯ ಮೇಲೆ ಹಳೆಯ ಯುದ್ಧನೌಕೆಯೊಂದನ್ನು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದರು. ಬೆಳಿಗ್ಗೆ ಬೇಗ ಹೋದದ್ದರಿಂದ ಜನ ಇನ್ನೂ ಬಂದಿರಲಿಲ್ಲ. ಹೆಂಗಸೊಬ್ಬಳು ಹಡಗಿನ ಮೇಲಿನ ಮರದ ನೆಲಕ್ಕೆ ನೀರು ಹೊಯ್ದು ಪೊರಕೆಯಿಂದ ಉಜ್ಜುತ್ತಿದ್ದಳು. ಎಳೆಬಿಸಿಲಿಗೆ ಆ ಒದ್ದೆ ಹಲಗೆಗಳಿಂದ ಸಣ್ಣಗೆ ಹಬೆ ಏಳುತ್ತಿತ್ತು. ಮೆಟ್ಟಿಲು ಹತ್ತಿ ಮೇಲೆ ಕಾಲಿಡುವ ಹೊತ್ತಿಗೆ ಆ ವಾಸನೆ ಮೂಗಿಗೆ ಬಡಿಯಿತು. ಹಳೆಯ ತೇಗ, ಟಾರು, ಎಣ್ಣೆ, ಉಪ್ಪು, ತುಕ್ಕು ಎಲ್ಲ ಕಲೆತ ವಾಸನೆ. ನಿಂತಲ್ಲೇ ಚಪ್ಪಲಿ ಬಿಟ್ಟೆ.

“ಫುಪ್ಪು, ಇದೇನು ದರ್ಗಾನಾ? ಹಾಕ್ಕೊಂಡೇ ಬರಬಹುದು ಇಲ್ಲಿ,” ಎಂದು ಸಾನಿಯಾ ನಕ್ಕಳು.

ನನಗೆ ನಗು ಬರಲಿಲ್ಲ. ಬರಿಗಾಲಿನಲ್ಲೂ ಆ ಹಲಗೆಗಳ ಮೇಲೆ ನಡೆಯಲು ಆಗಲಿಲ್ಲ. ಹಾಗೇ ಕೆಳಗಿಳಿದು ಮರಳಿನ ಮೇಲೆ ಕುಳಿತೆ. ತಲೆ ಸುತ್ತಿತು ಎಂದು ಅವಳಿಗೆ ಹೇಳಿದೆ. ಆ ಮಳೆಗಾಲದಲ್ಲಿ ಅವಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ನಮ್ಮ ಮನೆಯಲ್ಲಿ ಏನು ನಡೆಯಿತು ಎಂದು ನಾನಾಗಲಿ ಅಣ್ಣನಾಗಲಿ ಅವಳಿಗೆ ಬಿಡಿಸಿ ಹೇಳಿಲ್ಲ.

ನಮ್ಮದು ಚನ್ನಪಟ್ಟಣ. ಮರ ತಿರುವಿ ಬಣ್ಣದ ಗೊಂಬೆ ಮಾಡುವುದು ನಮ್ಮ ತಾತನ ಕಾಲದಿಂದ ಬಂದ ಕೆಲಸ. ಮನೆಯ ಮುಂದಿನ ಉದ್ದನೆಯ ಕೋಣೆಯಲ್ಲಿ ಲೇತು ಮೆಷಿನ್ನುಗಳಿವೆ. ಅಣ್ಣ ರಹಮತ್ ಮರ ಆರಿಸಿ ಕೊಯ್ದು ಕೊಡುತ್ತಾನೆ, ನಾನು ತಿರುವಿ ಅರಗಿನ ಬಣ್ಣ ಹಾಕುತ್ತೇನೆ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ ಆ ಮೆಷಿನ್ನಿನ ಸದ್ದಿನಲ್ಲೇ ನನ್ನ ದಿನಗಳು ಹೋಗಿವೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಕರಗಿ ಬಣ್ಣ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಂಥ ಹೊಳಪು. ಈ ಕೆಲಸದಲ್ಲಿ ನಾಚಿಕೊಳ್ಳುವಂಥದ್ದು ಏನಾದರೂ ಇದ್ದೀತು ಎಂದು ನಾನು ಎಂದೂ ಅಂದುಕೊಂಡವಳಲ್ಲ.

ಆ ವರ್ಷ ಆಷಾಢದ ಗಾಳಿ ಎದ್ದ ದಿನಗಳಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರು ಆರ್ಡರ್ ತಂದರು. ದೂರದ ಬಂದರಿನಲ್ಲಿ ವರ್ಷಗಟ್ಟಲೆ ಮ್ಯೂಸಿಯಂ ಆಗಿ ನಿಂತಿದ್ದ ಒಂದು ಯುದ್ಧನೌಕೆಯನ್ನು ಕೊನೆಗೆ ಗುಜರಿಗೆ ಹಾಕಿ ಒಡೆದಿದ್ದರಂತೆ. ಕಬ್ಬಿಣ, ಹಿತ್ತಾಳೆ, ಮರ ಎಲ್ಲ ಬೇರೆ ಬೇರೆಯವರ ಪಾಲಾಗಿ, ಮೇಲಿನ ನೆಲಕ್ಕೆ ಹಾಸಿದ್ದ ತೇಗದ ಹಲಗೆಗಳು ಇವರ ಕೈಗೆ ಬಂದಿದ್ದವು. ಅದರಲ್ಲಿ ಅಂಗೈಯಗಲದ ಪುಟ್ಟ ಹಡಗುಗಳನ್ನೂ ಕೀ ಬಂಚುಗಳನ್ನೂ ಮಾಡಿಕೊಡಬೇಕು. “ಹಡಗಂತೂ ಉಳೀಲಿಲ್ಲ. ಹೀಗೆ ಮಾಡಿದರೆ ಮನೆಮನೆಯಲ್ಲೂ ಒಂದೊಂದು ಚೂರು ಉಳಿಯುತ್ತೆ,” ಎಂದರು ಆ ವ್ಯಾಪಾರಿ. ಆ ಮಾತು ನನಗೆ ಬಹಳ ಹಿಡಿಸಿತು. ಓಣಿಯವರು ಬಂದು ಕೇಳಿದಾಗಲೆಲ್ಲ ನಾನೂ ಅದನ್ನೇ, ನನ್ನದೇ ಮಾತೆಂಬಂತೆ ಹೇಳುತ್ತಿದ್ದೆ.

ಲಾರಿಯಿಂದ ಇಳಿದ ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಅಂಚಿನುದ್ದಕ್ಕೂ ಕಪ್ಪು ಟಾರು ಮೆತ್ತಿತ್ತು, ಅಲ್ಲಲ್ಲಿ ಬೋಲ್ಟಿನ ತೂತುಗಳು. ಮೇಲಿನ ಪದರ ಹೆರೆದರೆ ಒಳಗೆ ಜೇನಿನ ಬಣ್ಣ. ಗೊಂಬೆಗೆ ನಾವು ಬಳಸುವ ಹಾಲೆಮರ ಉಳಿ ತಾಗಿಸಿದರೆ ಬೆಣ್ಣೆಯ ಹಾಗೆ ಸುರುಳಿ ಸುರುಳಿಯಾಗಿ ಬಿಡುತ್ತದೆ. ಈ ಮರ ಹಾಗಲ್ಲ, ಹಟ ಮಾಡುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕೊಯ್ದ ಮರದ ಆ ಬಿಸಿ ವಾಸನೆ. ಸಂಜೆ ದುಪಟ್ಟಾ ಕೊಡವಿದರೂ ಅದು ಹೋಗುತ್ತಿರಲಿಲ್ಲ. ನಾನು ಸಮುದ್ರವನ್ನು ಆವರೆಗೆ ನೋಡಿದವಳಲ್ಲ. ಸಮುದ್ರವೇ ನಮ್ಮ ಓಣಿಗೆ ಬಂದಿದೆ ಎಂದು ಹಿಗ್ಗಿದ್ದೆ.

ಅದರಲ್ಲಿ ಒಂದು ಹಲಗೆ ಉಳಿದವುಗಳಂತೆ ಇರಲಿಲ್ಲ. ನಡುವೆ ಪುಸ್ತಕದಷ್ಟು ಅಗಲದ ಜಾಗ ಬಿಸಿಲು ಕಾಣದೆ ತಿಳಿಯಾಗಿ ಉಳಿದಿತ್ತು, ಅದರ ನಾಲ್ಕು ಮೂಲೆಯಲ್ಲೂ ಸ್ಕ್ರೂ ಇದ್ದ ಗುರುತು. ಅದನ್ನು ಮೊದಲು ಕಂಡವಳು ನಾನೇ.

“ಭಾಯಿ, ಇಲ್ಲೇನಿತ್ತು?” ಎಂದೆ.

“ಯಾವುದೋ ಬೋರ್ಡ್ ಹೊಡೆದಿದ್ರೇನೋ. ಒಳಗೆ ಸ್ಕ್ರೂ ಮುರ್ಕೊಂಡಿದ್ರೆ ಬ್ಲೇಡ್ ಹೋಗುತ್ತೆ, ಆ ಭಾಗ ತೆಗೆದುಬಿಡ್ತೀನಿ,” ಎಂದ ಅಣ್ಣ. ಆ ತಿಳಿ ಜಾಗವನ್ನು ತುಂಡು ಮಾಡಿ ಚೂರುಪಾರಿನ ರಾಶಿಗೆ ಎಸೆದ. ಉಳಿದ ಭಾಗ ಒಳ್ಳೆಯ ಮರ, ಗಂಟಿಲ್ಲದ್ದು. ಅದನ್ನು ಅಂದೇ ತಿರುವಿ ಮುಗಿಸಿದೆ.

ಆರ್ಡರ್ ಕೊಟ್ಟ ವ್ಯಾಪಾರಿ ಪತ್ರಿಕೆಯವರನ್ನು ಕರೆಸಿ ನಮ್ಮ ಫೋಟೊ ಹಾಕಿಸಿದರು. ನಾನು ಮೆಷಿನ್ನಿನ ಮುಂದೆ ಕುಳಿತು ಪುಟ್ಟ ಹಡಗನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಿರುವ ಫೋಟೊ. ಅದನ್ನು ನೋಡಿಕೊಂಡೇ ಚನ್ನೇಗೌಡರು ನಮ್ಮ ಮನೆ ಹುಡುಕಿಕೊಂಡು ಬಂದದ್ದು.

ಅವರು ಮಾಗಡಿ ತಾಲ್ಲೂಕಿನ ಸೋಲೂರಿನ ಕಡೆಯವರು. ಎಳೆಯ ವಯಸ್ಸಿಗೇ ನೌಕಾಪಡೆ ಸೇರಿ, ಅದೇ ಹಡಗಿನ ಎಂಜಿನ್ ರೂಮಿನಲ್ಲಿದ್ದು ಯುದ್ಧ ಕಂಡವರು. ಈಗ ತೆಂಗಿನ ತೋಟ, ಎರಡು ಹಸು ನೋಡಿಕೊಂಡಿದ್ದರು. ಬಸ್ಸು ಬದಲಿಸಿ ಬದಲಿಸಿ, ಕೊಡೆಯಿದ್ದರೂ ಅರ್ಧ ನೆನೆದು ಬಂದಿದ್ದರು. ಒಳಗೆ ಬಂದವರು ನಮ್ಮ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿಸಿದ್ದ ಹಲಗೆಗಳ ಹತ್ತಿರ ಹೋಗಿ ಒಂದನ್ನು ಮುಟ್ಟಿ, ಬಗ್ಗಿ, ಮೂಸಿದರು. ಹಾಗೇ ಅದಕ್ಕೆ ಕೆನ್ನೆ ಇಟ್ಟು ನಿಂತುಬಿಟ್ಟರು. ಅಣ್ಣ ಮೆಷಿನ್ ನಿಲ್ಲಿಸಿದ.

ಚಹಾ ಕುಡಿಯುತ್ತ ಅವರು ಹಡಗಿನ ಕಥೆ ಹೇಳಿದರು. ಯುದ್ಧ ಮುಗಿದು ಎಷ್ಟೋ ವರ್ಷ ಓಡಾಡಿದ ಮೇಲೆ ಅದಕ್ಕೆ ನಿವೃತ್ತಿ ಕೊಟ್ಟು ಬಂದರಿನಲ್ಲಿ ಮ್ಯೂಸಿಯಂ ಮಾಡಿದಾಗ ಹಳೆಯ ಗೆಳೆಯರೆಲ್ಲ ಸೇರಿ ಸಿಹಿ ಹಂಚಿದ್ದರಂತೆ. ಆದರೆ ವರ್ಷ ಕಳೆದಂತೆ ತಳದಲ್ಲಿ ತುಕ್ಕು ತಿಂದು ನೀರು ಒಳಗೆ ಬರತೊಡಗಿತು. ಬಣ್ಣದ ಮೇಲೆ ಬಣ್ಣ ಬಳಿದರು, ತೇಪೆ ಹಾಕಿದರು, ಪಂಪು ಇಟ್ಟು ನೀರು ಎತ್ತಿದರು.

“ಹಡಗು ನಿಂತ್ಕಂಡ್ರೇ ಕೆಡೋದು ಕಣವ್ವ,” ಎಂದರು ಗೌಡರು. “ಓಡಾಡ್ತಿದ್ದಾಗ ಅದ್ಕೆ ನೂರಾರು ಜನ ಚಾಕ್ರಿ ಮಾಡ್ತಿದ್ವಿ. ಮ್ಯೂಸಿಯಂ ಆದ್ಮೇಲೆ ನೋಡಾಕ್ ಬರೋರು ಜಾಸ್ತಿ ಆದ್ರು, ನೋಡ್ಕಳೋರು ಕಮ್ಮಿ ಆದ್ರು. ನಾವೂ ಅರ್ಜಿ ಕೊಟ್ವಿ, ಕೈ ಮುಗಿದ್ವಿ. ಆಗ್ನಿಲ್ಲ. ಉಪ್ಪುನೀರು ಯಾರ ಮಾತ ಕೇಳ್ತದೆ?”

ಆಮೇಲೆ ಅವರು ನಂಜುಂಡನ ವಿಷಯ ಎತ್ತಿದರು. ಕನಕಪುರದಾಚೆ ಸಂಗಮದ ದಾರಿಯ ಹಳ್ಳಿಯ ಹುಡುಗ ಅವನು, ಇವರ ವಾರಿಗೆಯವನು. ಆ ಹಡಗಿನಲ್ಲಿ ಈ ಸೀಮೆಯ ಕನ್ನಡ ಮಾತಾಡುವವರು ಇವರಿಬ್ಬರೇ. ಹಿಂಬದಿಯ ತೋಪಿನ ಹತ್ತಿರ ಕುಳಿತು ಮುದ್ದೆ ಬಸ್ಸಾರಿನ ಮಾತಾಡಿ ಮಾತಾಡಿ ಹೊಟ್ಟೆ ಹಸಿಸಿಕೊಳ್ಳುತ್ತಿದ್ದರಂತೆ. ಯುದ್ಧದಲ್ಲಿ ಮೇಲಿಂದ ಗುಂಡು ಬಿದ್ದಾಗ ನಂಜುಂಡ ಅದೇ ಜಾಗದಲ್ಲಿ ಸತ್ತ. ದಡ ದೂರವಿತ್ತು. ದೇಹವನ್ನು ಸಮುದ್ರಕ್ಕೇ ಬಿಟ್ಟರು. ಮ್ಯೂಸಿಯಂ ಆದ ಮೇಲೆ ಅವನು ಬಿದ್ದ ಕಡೆ ಹಲಗೆಗೆ ಹಿತ್ತಾಳೆಯ ತಗಡೊಂದನ್ನು ಹೊಡೆದು ಹೆಸರು ಕೆತ್ತಿಸಿದ್ದರು.

“ಅವನಿಗೊಬ್ಳು ತಂಗಿ ಅವ್ಳೆ, ಜಯಮ್ಮ ಅಂತ. ರೇಷ್ಮೆ ಬೆಳೆ ಮುಗಿದು ಬಿಡುವಾದಾಗ ರೈಲು ಹತ್ತಿ ಓಗೋಳು. ಆ ತಗಡು ಉಜ್ಜಿ, ಹೂ ಮಡಗಿ ಬರೋಳು. ಅಲ್ಲಿ ಕಾವಲಿನೋರು ಅವ್ಳ ಮುಖ ಕಂಡ್ರೆ ಸಾಕು, ಹಗ್ಗ ಎತ್ತಿ ಒಳಿಕ್ಕೆ ಬುಡೋರು. ಮಣ್ಣು ಮಾಡಿದ ಜಾಗ ಅಂತ ಬೇರೆ ಇಲ್ವಲ್ಲ ಅವ್ಳಿಗೆ. ಹಡಗು ಒಡೀತಾರೆ ಅಂದಾಗ ಊಟ ಬುಟ್ಟಿದ್ಳು.” ಗೌಡರು ಲೋಟ ಕೆಳಗಿಟ್ಟು ಹಲಗೆಗಳ ಸಾಲನ್ನು ನೋಡಿದರು. “ತಗಡು ಕಿತ್ತಿರ್ತಾರೆ, ನಂಗೊತ್ತು. ಆದ್ರೆ ಗುರುತು ಇರ್ತದೆ. ನಾಕು ಸ್ಕ್ರೂ ತೂತು, ಚೌಕಾಗಿ. ಯಾವ್ದು ತಾಯಿ ಅದು?”

ಅಣ್ಣ ನನ್ನ ಮುಖ ನೋಡಿದ. ಹೇಳಬೇಕೆಂದು ನಾನು ಮಾತು ಹುಡುಕುತ್ತಿರುವಾಗಲೇ ಗೌಡರು ಸಂತೋಷ ತಡೆಯಲಾರದೆ ಫೋನು ತೆಗೆದು ಕಿವಿಗೆ ಹಚ್ಚಿದ್ದರು.

“ಲೇ ಜಯವ್ವ, ಸಿಕ್ಬುಡ್ತು ಕಣೆ! ಎಲ್ಲೂ ಓಗಿಲ್ಲ, ಚನ್ನಪಟ್ಣಕ್ಕೇ ಬಂದೈತೆ. ನಂಜ ನಿನ್ ಮಗ್ಗುಲಿಗೇ ಬಂದವ್ನೆ. ಇಗಾ, ಆ ಮನೆಯೋರ ಕೈಲೇ ಮಾತಾಡು,” ಎನ್ನುತ್ತ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ. “ಅವ್ವ, ಮಳೆ ಜೋರಾಗೈತೆ. ನಮ್ಮಣ್ಣನ್ನ ಒಸಿ ಒಳಗಡೆ ಮಡಗಿರವ್ವ, ಎರಚಲು ಹೊಡೀದಂಗೆ. ಗಾಡಿ ಮಾಡ್ಕಂಡು ಬತ್ತೀನಿ, ಮನೆಗೆ ಕರ್ಕಂಡೋಯ್ತೀನಿ.”

ನಾನು “ಹೂಂನಮ್ಮ” ಎಂದೆ.

ಫೋನು ಇಟ್ಟ ಮೇಲೆ ಅಣ್ಣ ಗೌಡರಿಗೆ ನಿಜ ಹೇಳಿದ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅಣ್ಣ ಇನ್ನೊಮ್ಮೆ ಹೇಳಿ, ಮೂಲೆಯಲ್ಲಿ ಗೋಣಿಚೀಲದ ತುಂಬ ಇದ್ದ ಪುಟ್ಟ ಹಡಗುಗಳನ್ನು ತೋರಿಸಿದ. ಗೌಡರು ಅದರಲ್ಲಿ ಒಂದನ್ನು ತೆಗೆದುಕೊಂಡರು. ಕೆಂಪು ಹಳದಿ ಬಣ್ಣ, ತಾಳೆಗರಿಯಲ್ಲಿ ನಾನೇ ತಿಕ್ಕಿ ತಂದ ಹೊಳಪು. ಅದನ್ನು ಹಿಂದಿಟ್ಟು, “ಅಯ್ಯೋ ಸಾಬ್ರೆ, ಅವ್ಳಿಗೆ ಯೋಳ್ಬುಟ್ನಲ್ಲ,” ಎಂದು ನೆಲದ ಮೇಲೆ ಕುಳಿತರು.

ಸ್ಕ್ರೂ ತೂತಿದ್ದ ಆ ತುಂಡಾದರೂ ಸಿಕ್ಕೀತೆಂದು ರಾಶಿ ಕೆದಕಿದೆವು. ಅಲ್ಲಿದ್ದುದು ಆ ವಾರದ ಚೂರುಗಳು ಮಾತ್ರ. ಹಿಂದಿನದನ್ನೆಲ್ಲ ರಾಮನಗರದ ಅನ್ವರ್ ಸಾಬರು ಕೊಂಡೊಯ್ದಿದ್ದರು. ಅವರದು ರೇಷ್ಮೆ ನೂಲು ತೆಗೆಯುವ ಮನೆ. ಗೂಡು ಬೇಯಿಸುವ ಒಲೆಗೆ ನಮ್ಮ ಚೂರು ಮರ ಎಷ್ಟೋ ವರ್ಷದಿಂದ ಹೋಗುತ್ತಿತ್ತು.

ಗೂಡ್ಸ್ ಆಟೊದಲ್ಲಿ ಮೂವರೂ ರಾಮನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಮಳೆ, ಬಂಡೆ ಬೆಟ್ಟಗಳೆಲ್ಲ ಮೋಡದೊಳಗೆ ಮುಚ್ಚಿಹೋಗಿದ್ದವು. ಅನ್ವರ್ ಸಾಬರ ಶೆಡ್ಡಿನಲ್ಲಿ ಹಬೆ, ಬೆಂದ ಹುಳದ ಗಾಟು, ತಿರುಗುವ ರಾಟೆಗಳ ಸದ್ದು. ವಿಷಯ ಕೇಳಿ ಆ ಮನುಷ್ಯ ತಾವೇ ಮಳೆಯಲ್ಲಿ ನಿಂತು ತಗಡಿನ ಸೂರಿನ ಕೆಳಗಿನ ಕಟ್ಟಿಗೆಯನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸಿದರು. ಹುಣಸೆ ಇತ್ತು, ನೀಲಗಿರಿ ಇತ್ತು, ನಮ್ಮ ಹಾಲೆಮರವೂ ಇತ್ತು. ಬೂದಿ ಬಣ್ಣದ ತೇಗ ಇರಲಿಲ್ಲ.

ಒಲೆಯ ಮುಂದೆ ಕುಳಿತಿದ್ದ ಹೆಂಗಸು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆ.

“ಓ, ಅದಾ? ಟಾರ್ ವಾಸ್ನೆ ಬತ್ತಿತ್ತಲ್ಲ, ಆ ಕಟ್ಟಿಗೆ? ಮೊದ್ಲೇ ಹಾಕ್ಬುಟ್ಟೆ. ಏನ್ ಚೆನ್ನಾಗ್ ಉರೀತಕ್ಕಾ ಅದು! ಅಂತಾದು ಇನ್ನೂ ಇದ್ರೆ ಕಳ್ಸಿ,” ಎಂದಳು.

ಅವಳದೇನೂ ತಪ್ಪಿಲ್ಲ. ಆದರೆ ಗೌಡರು ಅಲ್ಲೇ ನಿಂತಿದ್ದರು. ಅವರ ಮುಖವನ್ನು ನೋಡಲಾಗದೆ ನಾನು ಆ ಒಲೆಯ ಬೆಂಕಿಯನ್ನೇ ನೋಡುತ್ತ ನಿಂತೆ. ನೆಲ ಬಾಯಿ ತೆರೆದು ನುಂಗಬಾರದೆ ಅನ್ನಿಸಿತು.

ಮರಳಿ ಬರುವಾಗ ಆರ್ಡರ್ ಕೊಟ್ಟವರ ಫೋನು ಬಂತು. ಅಣ್ಣ ಎಲ್ಲ ಹೇಳಿದ. ಅವರು ಸಲೀಸಾಗಿ, “ಅದಕ್ಕೇನಂತೆ, ಇನ್ನೊಂದು ಹಲಗೆಗೆ ನಾಲ್ಕು ತೂತು ಕೊರೆದು ಕೊಟ್ಟುಬಿಡಿ. ಅದೇ ಹಡಗಿನದೇ ಅಲ್ಲವಾ?” ಎಂದರು. ಅಣ್ಣ ಫೋನು ಇಟ್ಟು ಆ ಮಾತನ್ನು ನಮಗೂ ಹೇಳಿದ. ಮನೆಗೆ ಬಂದ ಮೇಲೆ ಗೌಡರೇ ಮೆಲ್ಲಗೆ ಆ ಮಾತು ತೆಗೆದರು.

“ಸಾಬ್ರೆ, ಅವ್ರು ಯೋಳಿದ್ದೂ ಒಂದು ದಾರಿನೇ. ಅವ್ಳಿಗೂ ವಯಸ್ಸಾಯ್ತು, ಕಣ್ಣು ಮಂಜು. ಹೂ ಹಾಕಕ್ಕೆ ಅವ್ಳಿಗೊಂದು ಹಲಗೆ ಆಯ್ತದೆ. ನಂಗೂ ಮಾತು ಉಳೀತದೆ.”

ಅಣ್ಣ ಡ್ರಿಲ್ಲು ತೆಗೆದುಕೊಂಡ. ಹಲಗೆಯೊಂದನ್ನು ಮೇಜಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿದ. ನಾನು ಬೇಡವೆನ್ನಲಿಲ್ಲ. ಬೇಡವೆನ್ನಬೇಕೆಂದು ಅನ್ನಿಸಿತೋ ಇಲ್ಲವೋ ಅದೂ ನೆನಪಿಲ್ಲ. ಸ್ವಲ್ಪ ಹೊತ್ತು ಹಾಗೇ ಹಲಗೆ ಹಿಡಿದು ನಿಂತಿದ್ದವನು ಡ್ರಿಲ್ಲನ್ನು ಕೆಳಗಿಟ್ಟ.

“ಗೌಡ್ರೆ, ಆಯಮ್ಮ ಇದನ್ನ ಮನೇಲಿಟ್ಟು ದಿನಾ ಕೈ ಮುಗೀತಾರೆ. ನನ್ನ ಕೈಲಾಗಲ್ಲ. ಬೈದ್ರೆ ಬೈಲಿ, ನಾನೇ ಹೇಳ್ತೀನಿ,” ಎಂದ.

ಜಯಮ್ಮ ಬಂದ ದಿನ ಮಳೆ ಹೊಳವಾಗಿತ್ತು. ಗೌಡರು ಮೊದಲೇ ಬಂದು ನಮ್ಮ ಜೊತೆ ಕಾಯುತ್ತಿದ್ದರು. ಓಣಿಯ ಬಾಯಲ್ಲಿ ಟೆಂಪೊ ನಿಂತಿತು. ಅದರೊಳಗೆ ಚಾಪೆ ಹಾಸಿ, ಮೇಲೆ ಹೊಸ ಪಂಚೆ ಹರಡಿ, ಸುತ್ತ ಚೆಂಡುಹೂವಿನ ಹಾರ ಕಟ್ಟಿದ್ದರು. ಜಯಮ್ಮನ ಜೊತೆ ನಾಲ್ಕಾರು ಜನ ನೆಂಟರಿದ್ದರು. ಜಯಮ್ಮ ನಸು ಬಾಗಿದ, ಗಟ್ಟಿ ಮೂಳೆಯ ಹೆಂಗಸು. ಹೊಸ ಸೀರೆ ಉಟ್ಟು, ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ ಹಿಡಿದಿದ್ದರು. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ನಮ್ಮ ಮನೆಯ ಹೊಸಿಲ ಹತ್ತಿರ ಬಂದು ಜಯಮ್ಮ ಚಪ್ಪಲಿ ಬಿಟ್ಟರು.

ಅವರು ಒಳಗೆ ಕಾಲಿಡುವ ಮೊದಲೇ ಅಣ್ಣ ಕೈ ಜೋಡಿಸಿ ಅಡ್ಡ ನಿಂತ. “ಅಮ್ಮಾ, ಅದನ್ನ ನಾವು ಕೊಯ್ದುಬಿಟ್ವಿ. ಗೊತ್ತಿರಲಿಲ್ಲ. ಗುರುತಿದ್ದ ತುಂಡು ಒಲೆಗೆ ಹೋಗಿಬಿಟ್ಟಿದೆ. ನಿಮಗೆ ಕೊಡೋಕೆ ನಮ್ಮ ಹತ್ರ ಏನೂ ಇಲ್ಲಮ್ಮ.”

ಜಯಮ್ಮ ಗೌಡರ ಕಡೆ ತಿರುಗಿದರು. ಗೌಡರು ತಲೆ ತಗ್ಗಿಸಿದರು. ಆಮೇಲೆ ಜಯಮ್ಮ ನಮ್ಮ ಮೆಷಿನ್ನುಗಳನ್ನು, ಗೋಡೆಗೆ ಒರಗಿದ್ದ ಹಲಗೆಗಳನ್ನು, ಮೂಲೆಯ ಗೋಣಿಚೀಲದಲ್ಲಿದ್ದ ಹಡಗು, ಕೀ ಬಂಚುಗಳನ್ನು ಒಂದೊಂದಾಗಿ ನೋಡಿದರು. ಏನೋ ಹೇಳಬೇಕೆಂದು ನಾನು ಮುಂದೆ ಹೋಗಿ, ಪುಟ್ಟ ಹಡಗೊಂದನ್ನು ತೆಗೆದು ಅವರತ್ತ ಚಾಚಿದೆ. ಯಾಕೆ ಹಾಗೆ ಮಾಡಿದೆನೋ. “ಅಮ್ಮ, ಆ ಹಲಗೇದು ಇದರಲ್ಲೇ ಯಾವುದೋ ಇರುತ್ತೆ,” ಎಂದೆ.

“ಯಾವ್ದೋ ಇರ್ತದೆ?” ಎಂದರು ಜಯಮ್ಮ. ದನಿ ಏರಲಿಲ್ಲ. “ನಮ್ಮಣ್ಣನ್ನ ಕೀಲಿಕೈಗೆ ನೇತಾಕಿದ್ದೀರ? ಯಾರ್ ಯಾರ್ ಜೇಬಲ್ಲೋ?”

ಅಣ್ಣ ಮತ್ತೆ, “ಗೊತ್ತಿರಲಿಲ್ಲಮ್ಮ,” ಎಂದ.

“ಗೊತ್ತಿರ್ನಿಲ್ಲ, ಒಪ್ತೀನಪ್ಪ. ನಾಕು ಮೊಳೆ ಹೊಡೆದು ಏನೋ ಮಡಗವ್ರೆ ಅಂತ ಕಣ್ಣಿಗೆ ಕಾಣ್ತಲ್ಲ? ಯಾರ್ನಾದ್ರೂ ಒಂದ್ ಮಾತು ಕೇಳ್ಬಾರ್ದಾಗಿತ್ತ? ಸಮುದ್ರ ತಿಂತು, ಉಳಿದಿದ್ದನ್ನ ನೀವು ತಿಂದ್ರಿ.”

ನೀರು ಕೊಟ್ಟರೆ ಮುಟ್ಟಲಿಲ್ಲ. ಹೊಸಿಲಿನಾಚೆ ಬಿಟ್ಟಿದ್ದ ಚಪ್ಪಲಿಯನ್ನು ಮರೆತು ಬರಿಗಾಲಲ್ಲೇ ಟೆಂಪೊದತ್ತ ನಡೆದರು. ಅವರ ಸೊಸೆ ಬಂದು, ನಮ್ಮ ಮುಖ ನೋಡದೆ, ಚಪ್ಪಲಿ ಎತ್ತಿಕೊಂಡು ಹೋದಳು. ಖಾಲಿ ಚಾಪೆ, ಹೊಸ ಪಂಚೆ, ಚೆಂಡುಹೂವು ಎಲ್ಲ ಬಂದ ಹಾಗೇ ಹಿಂತಿರುಗಿದವು. ಓಣಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು. ಪಕ್ಕದ ಮನೆಯ ಬಾಗಿಲು ಎಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

ಅಣ್ಣ ಆಮೇಲೆ ಆ ಮರವನ್ನು ಮುಟ್ಟಲಿಲ್ಲ. ಆರ್ಡರ್ ಕೊಟ್ಟವರು ಬಂದು ಗದರಿದರು, ನಗಿಸಿ ನೋಡಿದರು. ಉಳಿದ ಹಲಗೆಗಳಲ್ಲಿ ಒಂದನ್ನಾದರೂ ಜಯಮ್ಮನಿಗೆ ಕೊಡಿ ಎಂದು ಅಣ್ಣ ಕೇಳಿದ್ದಕ್ಕೆ, “ಒಬ್ಬರಿಗೆ ಕೊಟ್ಟರೆ ಹಡಗಿನಲ್ಲಿದ್ದವರೆಲ್ಲ ಬರ್ತಾರೆ,” ಎಂದರು. ಲಾರಿ ತರಿಸಿ, ಉಳಿದ ಹಲಗೆಗಳನ್ನೂ ನಾವು ಮಾಡಿದ್ದ ಹಡಗುಗಳ ಚೀಲಗಳನ್ನೂ ತುಂಬಿಸಿಕೊಂಡು ಬೇರೆ ಊರಿನ ಕೆಲಸಗಾರರ ಹತ್ತಿರ ಹೋದರು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಆ ಹಡಗನ್ನು ಉಳಿಸಿಕೊಳ್ಳಲಾಗದವರು, ಒಡೆದವರು, ತಗಡು ಕಿತ್ತವರು, ಮಾರಿದವರು, ಕೊಂಡವರು ಎಷ್ಟೊಂದು ಜನ. ಅವರೆಲ್ಲರ ಮೇಲೂ ಹೊರಿಸಿ ನೋಡಿದೆ. ಆದರೆ ಆ ತಿಳಿ ಜಾಗವನ್ನು ಕಂಡು ಇಲ್ಲೇನಿತ್ತು ಎಂದು ಕೇಳಿದವಳು ನಾನು. ಯಾವುದೋ ಬೋರ್ಡ್ ಎಂಬ ಉತ್ತರವನ್ನೇ ಸಾಕೆಂದುಕೊಂಡು ಮೆಷಿನ್ ಚಾಲೂ ಮಾಡಿದವಳೂ ನಾನೇ. ಎಷ್ಟು ಹೊರಿಸಿದರೂ ಅಷ್ಟು ನನ್ನ ಪಾಲಿಗೆ ಉಳಿಯುತ್ತಿತ್ತು.

ಶ್ರಾವಣ ಬಂತು. ಹಬ್ಬದ ಗೊಂಬೆಗಳ ಕೆಲಸ ಶುರುವಾಯಿತು. ಹಾಲೆಮರ ತಿರುವುವಾಗಲೂ ಒಂದೊಂದು ತುಂಡನ್ನೂ ಹೊರಳಿಸಿ ಹೊರಳಿಸಿ ನೋಡುತ್ತಿದ್ದೆ. ಹಾಗಿರುವಾಗ ಒಂದು ಬೆಳಿಗ್ಗೆ ಗೌಡರ ಫೋನು ಬಂತು.

“ತಾಯಿ, ಜಯವ್ವ ಆ ಒಲೆ ಎಲ್ಲೈತೆ ಅಂತ ಕೇಳ್ತಾವ್ಳೆ. ಬೂದಿ ಬೇಕಂತೆ.”

ರಾಮನಗರದಲ್ಲಿ ಜಯಮ್ಮ ನಮಗಿಂತ ಮೊದಲೇ ಬಂದು ಅನ್ವರ್ ಸಾಬರ ಬಾಗಿಲಲ್ಲಿ ನಿಂತಿದ್ದರು. ಗೂಡಿನ ಮಾರುಕಟ್ಟೆಗೆ ಬಂದು ಹೋಗಿ ಆ ಬೀದಿಗಳೆಲ್ಲ ಅವರಿಗೆ ಗೊತ್ತು. ನನ್ನ ಕಡೆ ನೋಡಲಿಲ್ಲ. ಶೆಡ್ಡಿನ ಹಿಂದೆ ಮೋಟು ಗೋಡೆಯ ಪಕ್ಕ ಬೂದಿಗುಡ್ಡೆ ಮಳೆಗೆ ನೆನೆದು ಕಪ್ಪಗೆ ಬಿದ್ದಿತ್ತು. ಅನ್ವರ್ ಸಾಬರು ಸಂಕೋಚದಿಂದ, “ಅಮ್ಮ, ಇದರಲ್ಲಿ ಎಲ್ಲಾ ಮರದ ಬೂದಿನೂ ಇದೆ. ನಿಮ್ಮದು ಯಾವುದು ಅಂತ ಹೇಳೋಕಾಗಲ್ಲ,” ಎಂದರು.

“ಸಮುದ್ರದಲ್ಲೂ ಎಲ್ಲಾ ನೀರೂ ಐತಲ್ಲಪ್ಪ. ಅದ್ರಾಗೇ ತಾನೆ ಅವ್ನನ್ನ ಬುಟ್ಟಿದ್ದು,” ಎಂದು ಜಯಮ್ಮ ಕುಕ್ಕರಗಾಲಲ್ಲಿ ಕುಳಿತರು. “ನಾನು ಮಾರಿದ ಗೂಡೂ ಇದೇ ಒಲೇಲಿ ಬೆಂದಿರ್ಬೋದು. ಯಾರ್ಗೊತ್ತು.” ಕೈಯಿಂದಲೇ ಮೇಲಿನ ಒದ್ದೆ ಬೂದಿಯನ್ನು ಸರಿಸಿ, ಒಳಗಿನ ಒಣ ಬೂದಿಯನ್ನು ಬೊಗಸೆ ಬೊಗಸೆಯಾಗಿ ಮಡಕೆಗೆ ತುಂಬಿದರು. ನಾನು ಸಹಾಯಕ್ಕೆ ಬಾಗಿದೆ. ಅವರು ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಇಬ್ಬರ ಕೈಯೂ ಮೊಣಕೈವರೆಗೆ ಬೂದಿಯಾಯಿತು. ಮಡಕೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವಾಗ, ಯಾರಿಗೂ ಅಲ್ಲವೆಂಬಂತೆ, “ಇಷ್ಟ್ ವರ್ಷಕ್ಕೆ ಅವ್ನಿಗೆ ಬೆಂಕಿ ಆಯ್ತು,” ಎಂದರು.

ಬೂದಿ ಬಿಡಲು ಸಂಗಮಕ್ಕೆ ನಮ್ಮನ್ನು ಕರೆದದ್ದು ಗೌಡರು. ಹೋಗುವುದೋ ಬಿಡುವುದೋ ಎಂದು ನಾನೂ ಅಣ್ಣನೂ ಬಹಳ ಯೋಚಿಸಿದೆವು. ಹೋಗದಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತದೆ ಎಂದು ಹೊರಟೆವು. ಕನಕಪುರ ದಾಟಿ ಕಾಡಿನ ದಾರಿಯಲ್ಲಿ ಇಳಿದು ಹೋದಾಗ ಅರ್ಕಾವತಿಯೂ ಕಾವೇರಿಯೂ ಮಣ್ಣುಬಣ್ಣದಲ್ಲಿ ತುಂಬಿ ಹರಿಯುತ್ತಿದ್ದವು. ಜಯಮ್ಮ ಮಂಡಿಯವರೆಗೆ ನೀರಿಗಿಳಿದು ಮಡಕೆ ಬಗ್ಗಿಸಿದರು. ಬೂದಿ ನೀರಿನ ಮೇಲೆ ಸ್ವಲ್ಪ ದೂರ ಬೆಳ್ಳಗೆ ತೇಲಿ ಕರಗಿತು. ಗೌಡರು ದಡದಲ್ಲಿ ನೆಟ್ಟಗೆ ನಿಂತು ಹಣೆಗೆ ಕೈಯೆತ್ತಿ ಸೆಲ್ಯೂಟ್ ಹೊಡೆದರು. ನಾವಿಬ್ಬರೂ ಎಲ್ಲರಿಗಿಂತ ಹಿಂದೆ, ಮರದ ಕೆಳಗೆ ನಿಂತಿದ್ದೆವು.

ಆಮೇಲೆ ಅಲ್ಲೇ ಊಟ. ಬಂಡೆಯ ಮೇಲೆ ಎಲೆ ಹಾಕಿದರು. ನಾವು ಮೆಲ್ಲಗೆ ಜಾರಿಕೊಳ್ಳುವುದರೊಳಗೆ ಜಯಮ್ಮನ ಸೊಸೆ ಬಂದು ಕೈ ಹಿಡಿದು ಸಾಲಿನಲ್ಲಿ ಕೂರಿಸಿದಳು. ಮುದ್ದೆ, ಬಸ್ಸಾರು, ಕಡಲೆಬೇಳೆ ಪಾಯಸ. ನನ್ನ ಪಕ್ಕ ಕುಳಿತಿದ್ದ ಮುದುಕಿಯೊಬ್ಬಳು ನನ್ನ ದುಪಟ್ಟಾವನ್ನೂ ಅಣ್ಣನ ಗಡ್ಡವನ್ನೂ ನೋಡಿ, ಬಡಿಸಲು ಬಂದ ಜಯಮ್ಮನನ್ನು ಕೇಳಿಯೇಬಿಟ್ಟಳು.

“ಯಾರವ್ವ ಇವ್ರು? ನಂಟ್ರಂಗೆ ಕಾಣಾಕಿಲ್ಲ.”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಈಗ ಹೇಳುತ್ತಾರೆ, ಹೇಳಲಿ, ಹೇಳುವುದೇ ಸರಿ ಎಂದುಕೊಂಡೆ. ಜಯಮ್ಮ ಸಾರಿನ ಸೌಟು ಹಿಡಿದು ನನ್ನ ಮುಂದೆ ನಿಂತಿದ್ದರು. ಆ ದಿನವೆಲ್ಲ ಅವರು ನನ್ನ ಮುಖವನ್ನು ನೋಡಿದ್ದು ಆಗ ಮಾತ್ರ.

“ಚನ್ನಪಟ್ಣದೋರು,” ಎಂದರು. “ಅಣ್ಣನ ಕಾರ್ಯಕ್ಕೆ ಬಂದವ್ರೆ.”

ಅಷ್ಟೇ ಹೇಳಿ ನನ್ನ ಮುದ್ದೆಗೆ ಸಾರು ಬಿಟ್ಟು ಮುಂದಿನ ಎಲೆಗೆ ಹೋದರು. ಮುದುಕಿ ತಲೆಯಾಡಿಸಿ ಊಟಕ್ಕೆ ತೊಡಗಿದಳು. ಪಕ್ಕದಲ್ಲಿ ಅಣ್ಣ ಕಣ್ಣೊರೆಸಿಕೊಳ್ಳುವುದು ಗೊತ್ತಾಯಿತು. ನಾನು ತಲೆ ಎತ್ತದೆ, ಒಂದು ತುತ್ತೂ ಬಿಡದೆ, ಎಲೆಯಲ್ಲಿದ್ದುದನ್ನೆಲ್ಲ ಉಂಡೆ.